ಎದುರಂಗಡಿಯ ಕೇಕು

ಎದುರಿನ ಬೇಕರಿಯ ಚಿಮಣಿಯಲ್ಲಿ ಹೊಗೆಯೇ ಇಲ್ಲ ಎಂಬುದನ್ನು ಮೊದಲು ಕಂಡವಳು ಈಚೆ ಬದಿಯ ಬೇಕರಿಯವನ ಹೆಂಡತಿ. ಒಳಗೆ ಓಡಿ ಬಂದು, ಹಿಟ್ಟು ನಾದುತ್ತಿದ್ದ ಗಂಡನ ತೋಳು ಹಿಡಿದು ಅಲುಗಾಡಿಸಿದಳು. ನಿಮ್ಮ ತಂಗಿಯ ಗಂಡನ ಭಟ್ಟಿ ಸತ್ತಿದೆ, ಒಳಗಿನ ಇಟ್ಟಿಗೆಯೆಲ್ಲ ಕುಸಿದು ಕೂತಿದೆಯಂತೆ ಎಂದು ಒಂದೇ ಉಸಿರಿಗೆ ಹೇಳಿದಳು.

ಬೇಕರಿಯವನ ಮೈಯೆಲ್ಲ ಹಿಗ್ಗು ಹರಿದಾಡಿತು. ತನ್ನ ಕೈಕೆಳಗೇ ಕೆಲಸ ಕಲಿತು, ತನ್ನ ತಂಗಿಯನ್ನೇ ಮದುವೆಯಾಗಿ, ಕೊನೆಗೆ ತನ್ನ ಮೂಗಿನ ನೇರಕ್ಕೇ ಕೆಂಪು ಬೋರ್ಡಿನ ಅಂಗಡಿ ತೆರೆದಿದ್ದ ಭಾವಮೈದುನ ಅವನು. ಚರ್ಚಿನಲ್ಲೂ ಇಬ್ಬರದೂ ಒಂದೊಂದು ಮೂಲೆ. ಇವತ್ತು ಸಂಜೆಯ ದೊಡ್ಡ ಮದುವೆಯ ಮೂರಂತಸ್ತಿನ ಕೇಕೂ ಅವನ ಪಾಲಾಗಿತ್ತು. ಈಗ ನೋಡಿದರೆ ಅವನ ಗಿರಾಕಿಗಳೆಲ್ಲ ರಸ್ತೆ ದಾಟಿ ಇತ್ತಲೇ ಬರುತ್ತಿದ್ದಾರೆ. ಬಾಗಿಲಾಚೆಗೂ ಸಾಲು. ಹೆಂಡತಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇಕರಿಯವನಂತೂ ಭಾನುವಾರದ ಸ್ತುತಿಗೀತೆಯೊಂದನ್ನು ಗುನುಗುತ್ತ ತಟ್ಟೆಗಳನ್ನು ಒಳಗೆ ನೂಕತೊಡಗಿದ. ಎರಡನೇ ಸಾಲಿಗೆ ಬಂದಾಗ ಹಾಡು ಗಂಟಲಲ್ಲೇ ನಿಂತಿತು. ದೇವರನ್ನು ಹೊಗಳುತ್ತಿರುವುದು ಯಾತಕ್ಕೆಂದು ಅವನಿಗೇ ಹೊಳೆದಿತ್ತು.

ಪವಿತ್ರಾತ್ಮನೇ, ಇವತ್ತು ನೀನು ನಡೆಸಿದ ಹಾಗೆ ನಡೆಯುತ್ತೇನೆ ಎಂದು ಬೆಳಿಗ್ಗೆ ಮೊಣಕಾಲೂರಿ ಹೇಳಿದ್ದ. ಅದು ದಿನವೂ ಹೇಳುವ ಮಾತು. ಹೇಳಿ ಎದ್ದು ತನಗೆ ಬೇಕಾದ ಹಾಗೆ ನಡೆಯುವುದೂ ದಿನದ ರೂಢಿಯೇ. ಆದರೆ ಈಗ ಎದೆಯೊಳಗೆ ಒಂದು ಮಾತು ಪಟ್ಟು ಹಿಡಿದು ಕೂತುಬಿಟ್ಟಿತು: ನಿನ್ನ ಭಟ್ಟಿ ಉರಿಯುತ್ತಿದೆ, ಅವನದು ಆರಿದೆ. ಅವನು ವಾದಕ್ಕಿಳಿದ. ನಾನೇನು ಅವನ ಇಟ್ಟಿಗೆ ಕಿತ್ತೆನೇ? ಬೇಕಾದರೆ ಅವನೇ ಬಂದು ಕೇಳಲಿ. ಮತ್ತೆ ನನ್ನ ಬ್ರೆಡ್ಡಿನ ಗತಿ? ಆ ಮಾತು ಕೂತಲ್ಲಿಂದ ಕದಲಲಿಲ್ಲ.

"ಸುಮ್ನಿರು ಸ್ವಲ್ಪ," ಎಂದು ಬಾಯಿಬಿಟ್ಟೇ ಅಂದುಬಿಟ್ಟ.

"ನಾನೇನಂದೆ ಈಗ?" ಎಂದಳು ಹೆಂಡತಿ.

"ನಿನಗಲ್ಲ," ಎಂದವನೇ ಕೈ ಒರೆಸಿಕೊಂಡು ರಸ್ತೆಗಿಳಿದ.

ಎದುರಂಗಡಿಯಲ್ಲಿ ಭಾವಮೈದುನ ಹಿಟ್ಟಿನ ಮೂಟೆಯ ಮೇಲೆ ಕೂತು ತಲೆ ಹಿಡಿದುಕೊಂಡಿದ್ದ. ಕಲಸಿಟ್ಟ ಕೇಕಿನ ಹಿಟ್ಟು ಪಾತ್ರೆಗಳಲ್ಲಿ ಹಾಗೇ ಇತ್ತು. ಅಣ್ಣನನ್ನು ಕಂಡ ತಂಗಿ ಗಂಡನಿಗೆ ಅಡ್ಡವಾಗಿ ಬಂದು ನಿಂತಳು. "ನೋಡಿ ನಗೋಕೆ ಬಂದ್ಯಾ ಅಣ್ಣ?"

"ನಗೋದೆಲ್ಲ ಆಗ್ಲೇ ನಕ್ಕಾಯ್ತು," ಎಂದ ಬೇಕರಿಯವನು. "ಪಾತ್ರೆ ಎತ್ಕೊಳ್ಳಿ. ನನ್ನ ಭಟ್ಟಿ ಖಾಲಿ ಮಾಡಿಸ್ತೀನಿ."

ಆಮೇಲೆ ನೋಡಬೇಕಿತ್ತು ಆ ಬೀದಿಯ ಗಡಿಬಿಡಿಯನ್ನು. ಪಾತ್ರೆ, ತಟ್ಟೆ, ಅಚ್ಚು, ಬೆಣ್ಣೆಯ ಡಬ್ಬಿ ಎಲ್ಲ ಕೈಯಿಂದ ಕೈಗೆ ರಸ್ತೆ ದಾಟಿದವು. ಬ್ರೆಡ್ಡಿಗೆ ಸಾಲು ನಿಂತಿದ್ದವರೂ ಒಂದೊಂದು ಹಿಡಿದರು. ಹಾರ್ನ್ ಒತ್ತುತ್ತಿದ್ದ ಬಸ್ಸಿನ ಡ್ರೈವರು ಅದನ್ನು ಬಿಟ್ಟು ಕಿಟಕಿಯಿಂದ ತಲೆ ಹೊರಹಾಕಿ, ಎಡಕ್ಕೆ ವಾಲುತ್ತಿದೆ, ನೆಟ್ಟಗೆ ಹಿಡಿಯಿರಿ ಎಂದು ಹೇಳಿಕೊಡತೊಡಗಿದ. ಹೆಂಡತಿ ಮೊದಮೊದಲು ಮುಖ ಊದಿಸಿಕೊಂಡೇ ಇದ್ದಳು. ನಾದಿನಿ ಅಳುತ್ತಲೇ ಮೇಲಿನ ಅಂತಸ್ತಿಗೆಂದು ಮೊಟ್ಟೆ ಒಡೆಯುವುದನ್ನು ಕಂಡು, ಕೇಕಿಗೆ ಉಪ್ಪುನೀರು ಹಾಕುವುದಿಲ್ಲ ಎಂದು ಗದರಿ, ಮೊಟ್ಟೆಯ ಬಟ್ಟಲನ್ನು ಕಸಿದುಕೊಂಡು ತಾನೇ ಕಡೆಯಲು ನಿಂತಳು. ಅತ್ತ ಬೇಕರಿಯವನ ಸ್ವಂತ ಹಿಟ್ಟು ಭಟ್ಟಿ ಸಿಗದೆ ಉಬ್ಬಿ ಉಬ್ಬಿ, ತೊಟ್ಟಿಯ ಅಂಚು ದಾಟಿ ನೆಲಕ್ಕೆ ಇಳಿಯಿತು. ಅವನು ಅದನ್ನು ನೋಡಿದ, ಬೆಂಕಿಯನ್ನು ಇನ್ನಷ್ಟು ಕೆದಕಿದ.

ಕೇಕು ಹೊರಬಂತು. ಸಮವಾಗಿ ಉಬ್ಬಿತ್ತು, ಎಲ್ಲೂ ಬಿರುಕಿಲ್ಲ, ಹೊಂಬಣ್ಣ. ಅಚ್ಚಿನ ಅಂಚಿಗೆ ಅಂಟಿದ್ದ ಚೂರನ್ನು ಬೇಕರಿಯವನು ಬಾಯಿಗೆ ಹಾಕಿಕೊಂಡ. ನಾಲಿಗೆಯ ಮೇಲೆ ಇಟ್ಟೊಡನೆ ಕರಗಿತು. ಅವನ ಎದೆ ಚುರ್ರೆಂದಿತು. ಜೀವಮಾನದಲ್ಲಿ ಅವನ ಕೈಗೆ ಇದು ಒಲಿದಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಿಳಿಯ ಕೆನೆಯ ಅಲಂಕಾರವೆಲ್ಲ ಮುಗಿದು ಕೇಕು ಬೇಕರಿಯವನ ಅಂಗಡಿಯ ಮೇಜಿನ ಮೇಲೆ ನಿಂತಿತ್ತು. ಭಾವಮೈದುನ ಮದುವೆಗೆಂದು ಕರಿಯ ಕೋಟು ಹಾಕಿಕೊಂಡು ಬಂದಿದ್ದ. ಮದುಮಗಳ ಅಪ್ಪ ಏದುಸಿರು ಬಿಡುತ್ತ ಓಡಿ ಬಂದರು. ಕೆಂಪು ಬೋರ್ಡಿನವನ ಭಟ್ಟಿ ಕುಸಿದ ಸುದ್ದಿ ಕೇಳಿ ಅವರ ಜೀವ ಬಾಯಿಗೆ ಬಂದಿತ್ತು. ಕೇಕನ್ನು ಕಂಡವರೇ ಬೇಕರಿಯವನ ಹಿಟ್ಟು ಮೆತ್ತಿದ ಎರಡೂ ಕೈ ಹಿಡಿದುಕೊಂಡರು. "ನಮ್ಮ ಮಾನ ಉಳಿಸಿದ್ರಿ. ಇಂಥ ಕೇಕು ನೋಡೇ ಇರ್ಲಿಲ್ಲ. ಮೊದ್ಲೇ ನಿಮಗೆ ಹೇಳ್ಬೇಕಿತ್ತು, ನಮ್ದೇ ತಪ್ಪು."

ಭಾವಮೈದುನ ತಲೆ ತಗ್ಗಿಸಿದ. ಭಟ್ಟಿ ಕೊಟ್ಟವನ ಎದುರು ಅವನು ಬಾಯಿ ತೆರೆಯುವಂತಿರಲಿಲ್ಲ. ಹೆಂಡತಿ ಗಂಡನನ್ನೇ ನೋಡಿದಳು. ಸುಮ್ಮನಿದ್ದರೂ ಸಾಕಿತ್ತು. ಒಂದು ಮುಗುಳ್ನಗೆ ನಕ್ಕಿದ್ದರೆ ಮುಗಿದೇ ಹೋಗುತ್ತಿತ್ತು. ರಸ್ತೆ ದಾಟುವಾಗ ಬೇಕರಿಯವನಿಗೆ ಇಷ್ಟು ಕಷ್ಟವಾಗಿರಲಿಲ್ಲ. ಎದೆಯೊಳಗಿನ ಮಾತು ಈ ಸಲ ಏನೂ ಹೇಳಲಿಲ್ಲ, ಕಾಯುತ್ತಿತ್ತು.

"ಮಾಡಿದ್ದು ಇವನು," ಎಂದು ಭಾವಮೈದುನನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದ. "ನಂಗೆ ಇಷ್ಟು ಹಗುರವಾಗಿ ಮಾಡೋಕೆ ಬರಲ್ಲ."

ಹಾಗೆಂದದ್ದೇ ತಡ, ಅವನಿಗೆ ಎಲ್ಲಿಲ್ಲದ ಹುರುಪು ಬಂತು. ದಾರಿ ಬಿಡಿ, ದಾರಿ ಬಿಡಿ ಎನ್ನುತ್ತ ಕೇಕಿನ ಮುಂದೆ ತಾನೇ ಬೀದಿಗೆ ಓಡಿದ.

ಆ ಸಂಜೆ ಮದುವೆಯ ಮಂಟಪದಲ್ಲಿ ಕೇಕು ಹೊತ್ತು ನಡೆದವನ ಕರಿಯ ಕೋಟಿನ ಬೆನ್ನ ಮೇಲೆ ಹಿಟ್ಟಿನ ಐದು ಬೆರಳುಗಳು ಎದ್ದು ಕಾಣುತ್ತಿದ್ದವು. ಒರೆಸಲು ಬಂದವರಿಗೆ ಅವನು ಬೆನ್ನು ಕೊಡಲಿಲ್ಲ.