ಸೀಟು ಹಿಡಿದವಳು

ಭಾಲ್ಕಿ ಬಸ್ಸು ಬೀದರ್ ಬಸ್‌ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದಂತೆಯೇ ಅನೀಲಕುಮಾರ ಎದುರಿಗೆ ಓಡಿದ. ಅದು ನಿಲ್ಲುವುದೇ ತಡ, ನಾಲ್ಕು ವರ್ಷದ ಮಗಳು ಪ್ರಣಾಲಿಯನ್ನು ಎತ್ತಿ ಕಿಟಕಿಯಿಂದ ಒಳಗೆ ಇಳಿಸಿಬಿಟ್ಟ. ಹಿಂದೆಯೇ ಹೆಗಲ ಮೇಲಿನ ಟವೆಲ್ಲನ್ನೂ ಎಸೆದ. ಈ ಕಡೆ ಬಸ್ಸಿನ ಸೀಟು ಮೊದಲು ಹತ್ತಿದವನದಲ್ಲ, ಮೊದಲು ಟವೆಲ್ ಹಾಸಿದವನದು. ಟವೆಲ್ಲನ್ನೇ ಎತ್ತಿ ಒಗೆಯುವ ಗಟ್ಟಿಗರು ಹೆಚ್ಚಾದ ಮೇಲೆ ಜನ ಮಕ್ಕಳನ್ನು ಹಾಸತೊಡಗಿದ್ದಾರೆ.

"ಬ್ಯಾಡ್ರೀ, ಪೋರಿ ಒಬ್ಬಾಕಿನೇ ಅಂಜ್ತಾಳ" ಎಂದಳು ಹೆಂಡತಿ ಆಮ್ರಪಾಲಿ.

"ಭಾಲ್ಕಿ ತನಕ ನಿಂತು ಹೋಗ್ತೀ ಏನು? ಸುಮ್ಕಿರು" ಎಂದು ಅವನು ಕಿಟಕಿಯತ್ತ ತಿರುಗಿದ. "ಪ್ರಣಾಲಿ, ಕಾಲು ಚಾಚಿ ಕೂಡು. ಯಾರು ಬಂದ್ರೂ ಏಳಬ್ಯಾಡ. ಸೀಟ ಬಿಟ್ಟಿ ಅಂದ್ರ ನೋಡು ಮತ್ತ!"

ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಮಂದಿಯ ಮೊಣಕೈಗಳ ನಡುವೆ ಸಿಕ್ಕಿಕೊಂಡು, ಒಂದು ಹೆಜ್ಜೆ ಮುಂದೆ ಹೋದರೆ ಎರಡು ಹೆಜ್ಜೆ ಹಿಂದೆ ಬರುತ್ತಿದ್ದರು. ಆಮ್ರಪಾಲಿ "ಒಳಗ ಕೂಸು ಅದ ರೀ" ಎಂದು ಕೂಗಿದ್ದು ಯಾರಿಗೂ ಕೇಳಲಿಲ್ಲ. ಕಂಡಕ್ಟರ್ "ಜಾಗಾ ಇಲ್ಲ, ಹಿಂದಿನ ಗಾಡಿಗಿ ಬರ್ರಿ" ಎಂದು ಬಾಗಿಲು ಎಳೆದುಕೊಂಡು ಸೀಟಿ ಊದಿದ. ಅವಳು ಬಸ್ಸಿನ ತಗಡು ಬಡಿಯುತ್ತ ಗೇಟಿನವರೆಗೂ ಓಡಿದಳು. ಬಸ್ಸು ಹೊರಟೇ ಹೋಯಿತು.

ಅವಳು ಗೇಟಿನಲ್ಲೇ ಕುಸಿದು ಕುಳಿತಾಗ ಸುತ್ತ ಜನ ಕೂಡಿದರು. ಬಸ್ಸು ನಿಲ್ಲಿಸುವ ಉಪಾಯ ಯಾರಿಗೂ ಹೊಳೆಯಲಿಲ್ಲ, ತೀರ್ಪು ಮಾತ್ರ ಎಲ್ಲರ ಬಾಯಲ್ಲೂ ತಯಾರಿತ್ತು.

"ಎಂಥಾ ತಾಯಿ ಇರಬೇಕು ಈಕಿ!"

"ಮೊಬೈಲ್ ನೋಡ್ಕೋತ ನಿಂತಿರ್ತಾಳ, ಮತ್ತೇನು." ಅವಳ ಮೊಬೈಲು ಗಂಡನ ಜೇಬಿನಲ್ಲಿತ್ತು.

"ನಾ ಏಳು ಹಡದೀನಿ. ಒಂದರೆ ಕಳಕೊಂಡೀನೇನು?" ಎಂದಳು ಒಬ್ಬ ಮುದುಕಿ. ಆ ಏಳರಲ್ಲಿ ಒಂದೂ ಅವಳ ಜೊತೆ ಇರಲಿಲ್ಲ, ಕೇಳೋಣವೆಂದರೆ.

ಅನೀಲಕುಮಾರನಿಗೆ ಚಹಾದಂಗಡಿಯವನು ಸ್ಟೂಲು ತಂದು ಹಾಕಿದ. ಇನ್ಯಾರೋ ನೀರಿನ ಬಾಟಲಿ ಕೊಟ್ಟರು. "ಪಾಪ, ಪರೇಶಾನ್ ಆಗ್ಯಾನ ನೋಡ್ರಿ ಗಂಡಸು" ಎಂದರು. ಕಿಟಕಿಯಿಂದ ಹಾಕಿದವನು ನಾನೇ ಎಂದು ಹೇಳಲು ಅವನಿಗೆ ಬೇಕಾದಷ್ಟು ಹೊತ್ತಿತ್ತು. ಆದರೆ ಬಾಟಲಿ ಬಾಯಿಗಿಟ್ಟುಕೊಂಡವನು ಮಾತಾಡುವುದಾದರೂ ಹೇಗೆ? ಅವನು ಅದನ್ನು ಪೂರ್ತಿ ಖಾಲಿ ಮಾಡಿದ.

ಎದ್ದವಳು ಆಮ್ರಪಾಲಿಯೇ. ಕಂಟ್ರೋಲರ್ ಕೋಣೆಗೆ ಓಡಿ, ಮಗಳು ಯಾವ ಬಸ್ಸಿನಲ್ಲಿದ್ದಾಳೆಂದು ಹೇಳಿದಳು. ಕಂಟ್ರೋಲರ್ ಆ ಬಸ್ಸಿನ ಕಂಡಕ್ಟರನಿಗೆ ಫೋನು ಹಚ್ಚಿದರು. "ಕೂಸು ಅದ ಅಂತ. ಊರ ಹೊರಗ ಪೆಟ್ರೋಲ್ ಪಂಪಿನ ಹತ್ರ ನಿಲ್ಸ್ತಾನ. ಜಲ್ದಿ ಆಟೋ ಹಿಡೀರಿ." ಫೋನು ಇಟ್ಟು, ತಮ್ಮ ಪಾಲಿನದನ್ನೂ ಸೇರಿಸಿದರು: "ತಾಯಿ ಆದಾಕಿಗಿ ಕೂಸಿನ ಮ್ಯಾಲ ನಿಗಾ ಇರಬೇಕ್ರಿ ಅಕ್ಕಾ."

ಆಟೋದವನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವಳ ಮುಖ ನೋಡುತ್ತ, ಈಗಿನ ತಾಯಂದಿರ ಬಗ್ಗೆ ಪ್ರವಚನ ಮಾಡಿದ. ಅನೀಲಕುಮಾರ "ಹೌದ್ರಿ, ಖರೇ ಅದ ರೀ" ಎಂದು ತಲೆಯಾಡಿಸಿದ. ಆಮ್ರಪಾಲಿಗೆ ಇಬ್ಬರ ಮಾತೂ ಕಿವಿಗೆ ಬೀಳಲಿಲ್ಲ. ಮಗಳು ಅಂಜಿ ನಡುದಾರಿಯಲ್ಲಿ ಇಳಿದುಬಿಟ್ಟಿದ್ದರೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಪೆಟ್ರೋಲ್ ಪಂಪಿನ ಹತ್ತಿರ ನಿಂತಿದ್ದ ಬಸ್ಸಿನೊಳಗೆ ನುಸುಳಿ ನೋಡಿದರೆ, ಮಗಳು ಇಳಿದಿರಲಿಲ್ಲ. ಮೂರು ಮಂದಿಯ ಸೀಟಿನ ಪಕ್ಕದಲ್ಲಿ, ಕಂಬ ಹಿಡಿದು ನಿಂತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿ ಗೆರೆಯಾಗಿತ್ತು. ಸೀಟಿನಲ್ಲಿ ಮೂವರು ಹೆಂಗಸರು, ಅನೀಲಕುಮಾರನ ಟವೆಲ್ಲಿನ ಮೇಲೆಯೇ ಆರಾಮಾಗಿ ಕುಳಿತಿದ್ದರು. ಕಿಟಕಿಯ ಬದಿಗಿದ್ದ ಕಾಂತಾಬಾಯಿ ಎಂಬುವಳು ಆಮ್ರಪಾಲಿಯನ್ನು ಕಂಡದ್ದೇ ದನಿ ಏರಿಸಿದಳು.

"ನೀನೇ ಏನು ತಾಯಿ? ಹಡದ ಕರುಳು ಅದನೋ ಇಲ್ಲೋ ನಿನಗ? ನಾವು ಇದ್ದೀವಂತ ಕೂಸು ಉಳೀತು!"

"ಕಿಟಕಿಯಿಂದ ಹಾಕ್ದಾಕಿ ನಾ ಅಲ್ರಿ. ಇವರು ಹಾಕ್ಯಾರ" ಎಂದಳು ಆಮ್ರಪಾಲಿ. ಅಷ್ಟು ಹೊತ್ತಿಗೆ ಅವಳ ಬಾಯಿಂದ ಹೊರಟ ಮೊದಲ ಸಮರ್ಥನೆ ಅದು.

"ಹಾಕಿದ್ರೇನಾತು? ಗಂಡಸರು ಸೀಟ ಹಿಡೀಬೇಕಲ್ಲ! ಕೂಸು ನೋಡ್ಕೊಳ್ಳಾಕಿ ನೀ ಅಲ್ಲೇನು?"

ಬಸ್ಸಿಗೆ ಬಸ್ಸೇ ಹೌದೆಂದಿತು. "ನೀವು ಬಂದಿದ್ದು ಛಲೋ ಆತು ನೋಡ್ರಿ ಅಣ್ಣಾ" ಎಂದು ಕಾಂತಾಬಾಯಿ ಅನೀಲಕುಮಾರನಿಗೆ ಹೇಳಿದಳು. ಅವನು ಎಲ್ಲರಿಗೂ ಕೈ ಮುಗಿದು, ಮಗಳನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದ.

ಪ್ರಣಾಲಿ ಅಪ್ಪನ ಕೈಗೆ ಹೋಗಲಿಲ್ಲ. ತಾಯಿಯ ಸೆರಗಿನ ಹಿಂದೆ ಸರಿದು, ಎರಡೂ ಅಂಗೈಗಳಿಂದ ಕೆನ್ನೆ ಮುಚ್ಚಿಕೊಂಡಳು.

"ಹೊಡೀಬ್ಯಾಡ ಪಪ್ಪಾ. ನಾ ಎದ್ದಿಲ್ಲ. ಇವರೇ ಎತ್ತಿ ನಿಲ್ಸ್ಯಾರ."

ಕಾಂತಾಬಾಯಿ ಸೆರಗು ಸರಿಮಾಡಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದಳು. ಸೀಟಿನಿಂದ ಮಾತ್ರ ಯಾರೂ ಏಳಲಿಲ್ಲ.