ನಲವತ್ತೆರಡು ನಿಂಬೆಹಣ್ಣು

ದೊಡ್ಡನೆಕ್ಕುಂದಿಯ ಹೊಸ ಆಫೀಸು ಕಟ್ಟಡದ ನೆಲಮಾಳಿಗೆಗೆ ಇಳಿದು ಬಂದ ಇನ್‌ಸ್ಪೆಕ್ಷನ್ ಎಂಜಿನಿಯರ್ ಜಯಮಾಲಾ ಟಾರ್ಚು ಮೇಲೆತ್ತಿದವರು ಹಾಗೇ ನಿಂತುಬಿಟ್ಟರು. ಕರೆಂಟಿನ ದಪ್ಪ ಕೇಬಲ್ಲುಗಳನ್ನು ಹೊತ್ತು ಸೂರಿನಿಂದ ನೇತಾಡುವ ಕಬ್ಬಿಣದ ಟ್ರೇಗಳು ಮದುವಣಗಿತ್ತಿಯ ಹಾಗೆ ಸಿಂಗಾರಗೊಂಡಿದ್ದವು. ಅವನ್ನು ಎತ್ತಿ ಹಿಡಿದ ನಲವತ್ತೆರಡು ಸಪೋರ್ಟುಗಳಿಗೂ ಅರಿಸಿನ ಕುಂಕುಮ, ಒಂದೊಂದಕ್ಕೂ ಒಂದೊಂದು ನಿಂಬೆಹಣ್ಣು. ಒಂದು ಮೂಲೆಯಲ್ಲಿ ಒಡೆದ ಬೂದುಗುಂಬಳಕಾಯಿ, ಎದುರು ಮೂಲೆಯಲ್ಲಿ ದರ್ಗಾದಿಂದ ತಂದ ಹಸಿರು ದಾರ. ನಡುವೆ, ಯಾರಿಗೂ ಬೇಜಾರಾಗದಿರಲಿ ಎಂದು, ಒಂದು ಮೇಣದ ಬತ್ತಿ.

“ಏನ್ರೀ ಇದೆಲ್ಲಾ?”

“ಭೂಕಂಪದ ಬ್ಲೆಸಿಂಗ್ ರೀ ಮೇಡಮ್ಮರ,” ಎಂದ ಫೋರ್‌ಮನ್ ಹಂಪಣ್ಣ ಎದೆಯುಬ್ಬಿಸಿ. “ಒಂದೂ ಬಿಟ್ಟಿಲ್ರಿ. ಎಲ್ಲಾದಕ್ಕೂ ಆಗ್ಯಾದ.”

ಅವರ ಹಿಂದೆಯೇ ಬಂದಿದ್ದ ಕಂಟ್ರಾಕ್ಟರ್ ಕಲೀಮುಲ್ಲಾ ಹಣೆ ಚಚ್ಚಿಕೊಂಡ. “ಯಾ ಅಲ್ಲಾ! ಬ್ಲೆಸಿಂಗ್ ಅಲ್ಲ ಭಾಯ್, ಬ್ರೇಸಿಂಗ್! ಬ್ರೇ... ಸಿಂಗ್! ಭೂಕಂಪ ಆದ್ರೆ ಟ್ರೇ ಅಲ್ಲಾಡಬಾರದು ಅಂತ ಓರೆಯಾಗಿ ಪಟ್ಟಿ ಹೊಡೆಯೋದು!”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿಯವನಲ್ಲ ಹಂಪಣ್ಣ. ನಿನ್ನೆ ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಾರನ್ನುಗಳ ನಡುವಿನಿಂದ ಕಲೀಮುಲ್ಲಾ ಫೋನಿನಲ್ಲಿ ಕಿರುಚಿದ ‘ಬ್ರೇಸಿಂಗ್’ ಅವನಿಗೆ ‘ಬ್ಲೆಸಿಂಗ್’ ಎಂದು ಕೇಳಿಸಿದಾಗ, “ಇದನ್ನ ನಮ್ಮ ಪದ್ಧತಿ ಪ್ರಕಾರ ಮಾಡಬೇಕೇನ್ರಿ ಸಾಹೇಬ್ರ, ನಿಮ್ಮ ಪದ್ಧತಿ ಪ್ರಕಾರ ಮಾಡಬೇಕೇನ್ರಿ?” ಎಂದು ಕೇಳಿಯೇ ಕೇಳಿದ್ದ. “ಕೋಡ್ ಪ್ರಕಾರ ಮಾಡಪ್ಪಾ!” ಎಂಬ ಉತ್ತರ ಬಂದಿತ್ತು. ಕೋಡ್ ಯಾವ ದೇವರದೆಂದು ತಿಳಿಯದೆ ಅವನು ಎಲ್ಲರದೂ ಮಾಡಿ ಮುಗಿಸಿದ್ದ. ಈ ಊರಲ್ಲಿ ಜೆಸಿಬಿಯೇ ನಿಂಬೆಹಣ್ಣು ತುಳಿಯದೆ ಮುಂದಕ್ಕೆ ಹೋಗುವುದಿಲ್ಲ, ಇನ್ನು ಭೂಕಂಪ ಎದುರಿಸಬೇಕಾದ ಟ್ರೇಗೆ ಅಷ್ಟೂ ಬೇಡವೇ?

ಈಗ ಹಂಪಣ್ಣ ಲೆಕ್ಕ ಹಾಕಿದ. ನಲವತ್ತೆರಡಕ್ಕೂ ಪಟ್ಟಿ ಹೊಡೆಯುವುದೆಂದರೆ ಒಂದು ವಾರದ ಕೆಲಸ. ಮೇಡಂ ಸೈನ್ ಹಾಕದೆ ರಜೆ ಇಲ್ಲವೆಂದು ಕಲೀಮುಲ್ಲಾ ಮೊದಲೇ ಹೇಳಿದ್ದ. ಸಂಜೆ ಏಳೂವರೆಗೆ ಕಂಟೋನ್ಮೆಂಟಿನಲ್ಲಿ ರೈಲು. ನಾಳೆ ಯಾದಗಿರಿಯಲ್ಲಿ ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಹುಟ್ಟಿದ ಮಗಳನ್ನು ಅವನು ಇನ್ನೂ ಫೋನಿನಲ್ಲಲ್ಲದೆ ನೋಡಿರಲಿಲ್ಲ.

“ಮೇಡಮ್ಮರ, ಎಲ್ಲಾದಕ್ಕೂ ಬೇಕೇನ್ರಿ?”

ಜಯಮಾಲಾ ಗೋಡೆಗೊರಗಿಸಿದ್ದ ಜೇಡರಬಲೆ ತೆಗೆಯುವ ಉದ್ದನೆಯ ಪೊರಕೆ ತರಿಸಿದರು. ಅದರ ಕೋಲಿನಿಂದ ಎಡಗಡೆಯ ಸಾಲಿನ ಟ್ರೇಯನ್ನು ನೂಕಿದರು. ಸೂರಿಗೆ ಅಂಟಿಕೊಂಡಂತೆ ಗೇಣುದ್ದದ ರಾಡುಗಳಲ್ಲಿದ್ದ ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಆಮೇಲೆ ಬಲಗಡೆ ಹೋದರು. ಅಲ್ಲಿ ಎಸಿ ಗಾಳಿಯ ದೊಡ್ಡ ಕೊಳವೆ ಅಡ್ಡ ಬಂದದ್ದರಿಂದ ಆರು ಸಪೋರ್ಟಿನ ಚಿಕ್ಕ ಸಾಲೊಂದನ್ನು ಮೂರಡಿ ಉದ್ದದ ರಾಡುಗಳಲ್ಲಿ ಕೆಳಕ್ಕೆ ಇಳಿಬಿಟ್ಟಿದ್ದರು. ಕೋಲು ತಾಕಿದ್ದೇ ತಡ, ಟ್ರೇ ಅತ್ತಿಂದಿತ್ತ ಓಲಾಡಿತು. ಆರು ನಿಂಬೆಹಣ್ಣೂ ತಾಳಕ್ಕೆ ಸರಿಯಾಗಿ ಕುಣಿದವು.

“ಏ, ಇದು ತೊಟ್ಟಿಲ ಆಗ್ಯಾದಲ್ರೀ!” ಎಂದ ಹಂಪಣ್ಣ.

“ಅಷ್ಟೇ ನೋಡಿ,” ಎಂದರು ಜಯಮಾಲಾ. “ಆ ಉದ್ದ ಸಾಲೆಲ್ಲಾ ಅಡಿಗಿಂತ ಗಿಡ್ಡ ರಾಡಲ್ಲಿದೆ, ತೂಗಲ್ಲ. ನಿಯಮದ ಪುಸ್ತಕ, ಅಂದ್ರೆ ಕೋಡ್ ಪ್ರಕಾರ ಅದಕ್ಕೆ ಬೇಡ. ಈ ಆರು ತೂಗ್ತಾವೆ, ಇವಕ್ಕೆ ಬೇಕು. ಅಡ್ಡಕ್ಕೂ ಹೊಡೀರಿ, ಉದ್ದಕ್ಕೂ ಹೊಡೀರಿ. ನಾನು ನಾಲ್ಕು ಗಂಟೆಗೆ ಬಂದು ನೋಡ್ತೀನಿ.”

“ಮತ್ತ ಈ ನಿಂಬೆಹಣ್ಣು ಬಿಚ್ಚಲೇನ್ರಿ?”

“ಅದ್ರ ಬಗ್ಗೆ ಕೋಡಲ್ಲಿ ಏನೂ ಇಲ್ಲಪ್ಪ.”

ಹಂಪಣ್ಣ ಏಣಿ ಹತ್ತಿದವನು ಊಟಕ್ಕೂ ಇಳಿಯಲಿಲ್ಲ. ಕಲೀಮುಲ್ಲಾನೇ ಕೆಳಗೆ ನಿಂತು ಏಣಿ ಹಿಡಿದ, ಪಟ್ಟಿ ಕತ್ತರಿಸಿ ಕೊಟ್ಟ, ನಡುನಡುವೆ “ಬ್ರೇಸಿಂಗ್, ಬ್ರೇಸಿಂಗ್” ಎಂದು ಪಾಠ ಒಪ್ಪಿಸಿದ. ನಾಲ್ಕಕ್ಕೆ ಜಯಮಾಲಾ ಬಂದು ಮತ್ತೆ ಕೋಲಿನಿಂದ ನೂಕಿದಾಗ ಟ್ರೇ ಮಿಸುಕಲಿಲ್ಲ, ನಿಂಬೆಹಣ್ಣುಗಳೂ ಮಿಸುಕಲಿಲ್ಲ. ಅವರು ಸೈನ್ ಹಾಕಿದರು. ಕಲೀಮುಲ್ಲಾ ತನ್ನ ಸ್ಕೂಟರಿನಲ್ಲೇ ಅವನನ್ನು ಹಲಸೂರಿನ ಟ್ರಾಫಿಕ್ಕಿನಲ್ಲಿ ತೂರಿಸಿಕೊಂಡು ಹೋಗಿ ಸ್ಟೇಷನ್ನಿಗೆ ಬಿಟ್ಟ.

ರೈಲು ಬರುವ ಮೊದಲು ಹಂಪಣ್ಣ ಹೆಂಡತಿಗೆ ಫೋನು ಮಾಡಿದ. ಮಗಳು ಹೇಗಿದ್ದಾಳೆಂದೂ ಕೇಳಲಿಲ್ಲ.

“ಕಾವೇರಿ, ತೊಟ್ಟಿಲ ಹಗ್ಗ ಎಷ್ಟು ಉದ್ದ ಕಟ್ಟೀರಿ?”

“ಯಾರಿಗ್ಗೊತ್ತು. ಯಾಕ?”

“ಅಡಿಗಿಂತ ಗಿಡ್ಡ ಕಟ್ಟಬ್ಯಾಡ, ತೂಗಂಗಿಲ್ಲ. ಮತ್ತ ನಿಮ್ಮಪ್ಪ ಬಡಗಿ ಮನುಷ್ಯಾ, ಗಟ್ಟಿ ಇರಲಿ ಅಂತ ಓರೆ ಪಟ್ಟಿ ಗಿಟ್ಟಿ ಹೊಡೆದಾನು. ಹೊಡೀಬ್ಯಾಡ ಅಂತ ಹೇಳು. ತೊಟ್ಟಿಲಕ್ಕ ಬ್ಲೆಸಿಂಗ್ ಅಷ್ಟ ಸಾಕು. ಬ್ರೇಸಿಂಗ್ ಮಾಡಿದ್ರ ಕೂಸು ಮಕ್ಕೊಳ್ಳಂಗಿಲ್ಲ.”