ದಾನಕ್ಕೆ ಹೋದ ಚೆಂಡುಗಳು

ಗಾಲ್ಫ್ ಕ್ಲಬ್ಬಿನ ಕೊಳ ಬತ್ತಿಸಿದ ಮಾರನೆಯ ದಿನ, ಶನಿವಾರ, ಬೆಳಿಗ್ಗೆ ಆರು ಗಂಟೆಗೇ ಮಾಲಿ ಕಳ್ಳತನಕ್ಕೆ ಕೂತಿದ್ದ. ಏಳನೆಯ ಹೋಲಿನ ಮುಂದಿದ್ದ ಆ ಕೊಳದ ತಳ ಸೋರುತ್ತಿತ್ತು. ರಿಪೇರಿಗೆಂದು ನೀರು ಹೊರಹಾಕಿದರೆ, ವರ್ಷಗಟ್ಟಲೆ ಮುಳುಗಿದ್ದ ಚೆಂಡುಗಳೆಲ್ಲ ಯಾವುದೋ ಹಕ್ಕಿ ಮೊಟ್ಟೆ ಇಟ್ಟು ಮರೆತುಹೋದ ಹಾಗೆ ಕೆಸರಿನಲ್ಲಿ ಕಂಡವು. "ಹತ್ತು ಗಂಟೆಗೆ ಎಲ್ಲಾನೂ ವರಾಂಡದಲ್ಲಿ ಹರಡು. ಅವರವರ ಗುರುತು ನೋಡಿ ಅವರವರು ಎತ್ಕೊಳ್ಳಲಿ" ಎಂದು ಕಾರ್ಯದರ್ಶಿ ಹೇಳಿ ಹೋಗಿದ್ದರು. ಆಡುವವರೆಲ್ಲ ತಮ್ಮ ಚೆಂಡಿಗೊಂದು ಗುರುತು ಹಾಕಿಕೊಳ್ಳುವುದು ರೂಢಿ. ಮಾಲಿ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಮರೆಗೆ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದನ್ನೇ ಉಜ್ಜಿ, ಕೆಂಪು ಚುಕ್ಕೆ ಕಂಡದ್ದನ್ನು ಮಾತ್ರ ಖಾಲಿ ಗೊಬ್ಬರದ ಚೀಲಕ್ಕೆ ಇಳಿಸುತ್ತಿದ್ದ.

ಕೆಂಪು ಚುಕ್ಕೆ ಹಲ್ಲಿನ ಡಾಕ್ಟರದು. ಅವರು ತೀರಿಹೋಗಿ ವರ್ಷವಾಗಿತ್ತು. ಚುಕ್ಕೆ ಇಡುತ್ತಿದ್ದವರು ಅವರ ಹೆಂಡತಿ, ಪ್ರತಿ ಶುಕ್ರವಾರ ಸಂಜೆ, ತಮ್ಮ ಉಗುರಿನ ಬಣ್ಣದಿಂದ. ಶನಿವಾರ ಡಾಕ್ಟರು ಬರಿಗೈಯಲ್ಲಿ ಮನೆಗೆ ಹೋಗಿ, "ಪಾಪ, ಹೊಸದಾಗಿ ಕಲಿಯೋರಿಗೆ ಕೊಟ್ಟುಬಿಟ್ಟೆ ಕಣೇ" ಎನ್ನುತ್ತಿದ್ದರು. ಏಳನೆಯ ಹೋಲಿನಲ್ಲಿ ಡಾಕ್ಟರು ಕೋಲೆತ್ತಿದರೆ ಕೊಳದ ಕಪ್ಪೆಗಳೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವೆಂಬುದು, ಆ ಹೆಂಡತಿಯೊಬ್ಬರನ್ನು ಬಿಟ್ಟು, ಇಡೀ ಕ್ಲಬ್ಬಿಗೆ ಗೊತ್ತಿತ್ತು. ಮಾಲಿಯಿಂದಂತೂ ಡಾಕ್ಟರು ಮಾತನ್ನೇ ತೆಗೆದುಕೊಂಡಿದ್ದರು. ಅದೂ ಅವನ ದವಡೆ ಹಲ್ಲು ಕೀಳುವಾಗ, ಬಾಯೊಳಗೆ ಇಕ್ಕಳ ಇಟ್ಟುಕೊಂಡೇ: "ನಮ್ಮವಳಿಗೆ ಯಾವತ್ತೂ ಗೊತ್ತಾಗಬಾರದು, ಆಯ್ತೇನಯ್ಯಾ?" ಮಾಲಿ "ಆ..." ಎಂದಿದ್ದ. ನೋವಿಗೆ ಅಂದದ್ದೋ ಒಪ್ಪಿಗೆಗೆ ಅಂದದ್ದೋ, ಕೊಟ್ಟ ಮಾತು ಮಾತೇ.

ಕಷ್ಟವೇನೆಂದರೆ ಕ್ಲಬ್ಬಿನ ವಾರಪತ್ರ ಬರೆಯುವವರು ಆ ಅಮ್ಮಾವರೇ. ಯಾರು ಗೆದ್ದರು, ಯಾರ ಮೊಣಕಾಲಿಗೆ ಆಪರೇಷನ್ ಆಯಿತು, ಕ್ಯಾಂಟೀನಿನ ಕುರ್ಚಿ ಯಾರ ಭಾರಕ್ಕೆ ಮುರಿಯಿತು, ಎಲ್ಲವೂ ಒಂದು ಹಾಳೆಯಲ್ಲಿ, ಪ್ರತಿ ಶನಿವಾರ ನೋಟೀಸು ಬೋರ್ಡಿಗೆ. ಗಂಡ ತೀರಿಕೊಂಡ ವಾರವೂ ತಪ್ಪಿಸಿರಲಿಲ್ಲ. "ಹೊಸಬರಿಗೆ ಕೈಯೆತ್ತಿ ಚೆಂಡು ದಾನ ಮಾಡಿದವರು" ಎಂದು ಬರೆದಿದ್ದರು. ಇಡೀ ಕ್ಲಬ್ಬು ಬೋರ್ಡಿನ ಮುಂದೆ ತುಟಿ ಕಚ್ಚಿಕೊಂಡು, ತಲೆ ತಗ್ಗಿಸಿ ಓದಿತ್ತು. ಹತ್ತು ಗಂಟೆಗೆ ಆ ದಾನವೆಲ್ಲ ವರಾಂಡದಲ್ಲಿ ಸಾಲಾಗಿ ಕೂತರೆ ಡಾಕ್ಟರ ಮಾನ ಏನಾಗಬೇಕು? ಮಾಲಿಯ ಕೈ ಚುರುಕಾಯಿತು.

"ಒಟ್ಟು ಎಷ್ಟು ಸಿಕ್ಕಿತಪ್ಪಾ? ವಾರಪತ್ರಕ್ಕೆ ಬೇಕು."

ಬಾಗಿಲಲ್ಲಿ ಅಮ್ಮಾವರು, ಕೈಯಲ್ಲಿ ನೋಟುಬುಕ್ಕು. ಮಾಲಿ ಚೀಲದ ಬಾಯಿ ಮಡಚಿ ಎದ್ದು ನಿಂತ.

"ಇನ್ನೂ ಎಣಿಸ್ತಾ ಇದೀನಮ್ಮಾ. ನೀವು ವರಾಂಡದಲ್ಲಿ ಕೂತಿರಿ, ಇಲ್ಲೆಲ್ಲ ಕೆಸರು."

"ಕೆಸರೇನು ನನಗೆ ಹೊಸದಾ?" ಎನ್ನುತ್ತ ಅವರು ಅತ್ತ ಇತ್ತ ನೋಡಿ, ಬೇರೆ ಜಾಗ ಕಾಣದೆ, ಚೀಲದ ಮೇಲೆಯೇ ಕೂತುಬಿಟ್ಟರು. ಚೀಲ ಕಟಕಟ ಎಂದಿತು.

"ಏನಿದು?"

"ಗೊಬ್ಬರ, ಅಮ್ಮಾ."

"ಗೊಬ್ಬರ ಹಲ್ಲು ಕಡಿಯೋದನ್ನ ಇವತ್ತೇ ಕೇಳಿದ್ದು."

ಅವರು ಎದ್ದು ಚೀಲ ಬಿಚ್ಚಿದರು. ಮಾಲಿ ಬಾಯಿ ತೆರೆದ. ಈ ಸಲ ಒಳಗೆ ಇಕ್ಕಳವಿರಲಿಲ್ಲ, ಆದರೂ ಮಾತು ಹೊರಡಲು ಹೊತ್ತು ಹಿಡಿಯಿತು.

"ಅದು... ಡಾಕ್ಟರು ದಾನ ಕೊಟ್ಟಿದ್ರಲ್ಲಮ್ಮಾ, ಆ ಹೊಸಬರು. ಅವರೇ ಹೊಡೆದು ಬೀಳಿಸಿರಬೇಕು."

"ಬಿಡಪ್ಪಾ. ಮೂವತ್ತು ವರ್ಷ ಅವರ ಪ್ಯಾಂಟು ಒಗೆದವಳು ನಾನು. ದಾನ ಮಾಡಿದೋರ ಮೊಣಕಾಲಿಗೆ ಪಾಚಿ ಯಾಕೆ ಮೆತ್ತುತ್ತೆ?"

"ನಿಮಗೆ ಗೊತ್ತಿತ್ತಾ! ಮತ್ತೆ ಬೋರ್ಡಲ್ಲಿ ಹಾಗೆ..."

"ನೀವೆಲ್ಲ ನಗದೇ ಓದಿದ್ರಿ. ನಾನೂ ನಗದೇ ಬರೆದೆ."

ಒಂದು ಚೆಂಡನ್ನೆತ್ತಿ ಅವರು ಚುಕ್ಕೆಯ ಮೇಲೆ ಹೆಬ್ಬೆರಳಾಡಿಸಿದರು. ಎಷ್ಟಿವೆಯೆಂದು ಕೇಳಿದರು. ನೂರ ನಲವತ್ತಾರು, ಬುಟ್ಟಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಎಂದ ಮಾಲಿ. "ಅಯ್ಯೋ ನನ್ನ ಕರ್ಣ!" ಎಂದು ಅಮ್ಮಾವರು ನಗತೊಡಗಿದರು. ಆ ನಗು ಕ್ಲಬ್ಬು ಒಂದು ವರ್ಷದಿಂದ ಕೇಳಿರಲಿಲ್ಲ. ಅದು ನಡುವೆಯೇ ಎಲ್ಲೋ ದಾರಿ ತಪ್ಪಿತು. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುವ ತನಕ ಮಾಲಿ ಬ್ರಷ್ಷಿನ ಕೂದಲನ್ನೇ ನೋಡುತ್ತ ನಿಂತ. ಆಮೇಲೆ ಅವರು ನೋಟುಬುಕ್ಕು ತೆರೆದು, ಬಾಯಿಂದ ಹೇಳಿಕೊಳ್ಳುತ್ತಲೇ ಬರೆದರು: "ಕೊಳದಲ್ಲಿ ನಾನಾ ಗುರುತಿನ ಚೆಂಡುಗಳು ಸಿಕ್ಕಿವೆ. ಕೆಂಪು ಚುಕ್ಕೆಯದು ಒಂದೂ ಇಲ್ಲ."

ಮಾಲಿ ಚೀಲದ ಬಾಯಿ ಕಟ್ಟಿದ. "ಚೀಲಾನ ನಿಮ್ಮ ಮನೆಗೆ ತಲುಪಿಸಿಬಿಡಲಾ ಅಮ್ಮಾ?"

ಹೂಂ ಎನ್ನಲು ಹೊರಟವರು ತಡೆದರು. "ಬೇಡ. ಎಲ್ಲಾ ಒಟ್ಟಿಗೆ ಬಂದ್ರೆ ಒಂದೇ ದಿನಕ್ಕೆ ಮುಗಿದುಹೋಗುತ್ತೆ. ಕೊಳಕ್ಕೆ ನೀರು ಯಾವತ್ತು ಬಿಡ್ತೀರಿ?"

"ಬುಧವಾರ."

"ಹಾಗಾದ್ರೆ ಈ ಚೀಲದ್ದೆಲ್ಲಾನೂ ಅವತ್ತು ವಾಪಸ್ ಅಲ್ಲೇ ಹಾಕಿಬಿಡು. ಶನಿವಾರ ಶನಿವಾರ ಒಂದೊಂದೇ ತೆಗೆದುಕೊಡು. ಹೋದದ್ದೂ ಹಾಗೇ ತಾನೇ."

"ಆಗಲಮ್ಮಾ. ಬಲೆ ಹಾಕಿ ತೆಗೆದು, ಚೆನ್ನಾಗಿ ಒರೆಸಿ ಇಟ್ಟಿರ್ತೀನಿ."

ಅಮ್ಮಾವರು ಬಾಗಿಲ ತನಕ ಹೋಗಿ ತಿರುಗಿದರು.

"ಒರೆಸಬೇಡ. ಅವರೂ ಒದ್ದೆಯಾಗೇ ಬರ್ತಿದ್ರು."